ಹಿಂದಿನ ಸೀಟಿನ ಸೆರಗು

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಗುತ್ತಿದ್ದವನು ನಾನು. ಎಂಜಿನಿಯರಿಂಗ್ ಓದಿದವನಿಗೆ ಎಲ್ಲಕ್ಕೂ ಒಂದು ಕಾರಣ ಇದ್ದೇ ಇರುತ್ತದೆ ಎಂಬ ಧೈರ್ಯ. ಆ ಸಂಜೆ ನಡೆದದ್ದಕ್ಕೆ ಅರ್ಧ ಕಾರಣ ಸಿಕ್ಕಿದೆ. ಉಳಿದರ್ಧ ಇವತ್ತಿಗೂ ಸಿಕ್ಕಿಲ್ಲ.

ತೊಂಬತ್ತರ ದಶಕದ ಮಧ್ಯಭಾಗ. ಪೀಣ್ಯದ ಒಂದು ಕಾರ್ಖಾನೆಯಲ್ಲಿದ್ದೆ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಲಗ್ಗೆರೆಯಲ್ಲಿ ಬಾಡಿಗೆ ಮನೆ. ಆಗಷ್ಟೇ ಹಳೆಯ ಮೋಟರ್ ಸೈಕಲ್ ಒಂದನ್ನು ಕೊಂಡಿದ್ದೆ. ಹಿಂದೆ ಕೂತ ಹೆಂಗಸರ ಸೀರೆ ಚಕ್ರಕ್ಕೆ ಸಿಕ್ಕದಂತೆ ತಡೆಯುವ ಸ್ಯಾರಿ ಗಾರ್ಡನ್ನು ಹಳೆಯ ಮಾಲೀಕ ಬಿಚ್ಚಿಸಿಬಿಟ್ಟಿದ್ದ. ಹಾಕಿಸಬೇಕು ಎಂದುಕೊಳ್ಳುತ್ತಲೇ ದಿನ ಹೋಗುತ್ತಿತ್ತು.

ಅಂದು ಹೆಂಡತಿ ಸುಮಾಳನ್ನು ಕೂರಿಸಿಕೊಂಡು ತುಮಕೂರು ರಸ್ತೆ ಹಿಡಿದು ನೆಲಮಂಗಲಕ್ಕೆ ಹೋಗುವುದಿತ್ತು. ಇನ್ನೂ ಬೆಳಕಿರುವಾಗಲೇ ಕಾರ್ಖಾನೆಯಿಂದ ಮನೆಯ ಕಡೆ ಹೊರಟೆ. ಬಸ್ ಸ್ಟಾಪಿನ ಹತ್ತಿರ ಹೂವು ಮಾರುವಾಕೆ ಕೈಬೀಸಿ ಕೂಗಿದಳು:

"ಅಣ್ಣಾ, ಸೆರಗು! ಅಕ್ಕನ ಸೆರಗು ಚಕ್ರಕ್ಕೆ ಓಯ್ತದೆ!"

ಈ ಊರಿನಲ್ಲಿ ಗಾಡಿ ಓಡಿಸಿದವರಿಗೆ ಇಂಥ ಕೂಗು ಹೊಸದಲ್ಲ. ಸ್ಟ್ಯಾಂಡ್ ಎತ್ತದಿದ್ದರೆ, ಸೆರಗು ಇಳಿಬಿದ್ದಿದ್ದರೆ, ಗುರುತಿಲ್ಲದವರೂ ಕೂಗಿ ಹೇಳುತ್ತಾರೆ. ಆದರೆ ನನ್ನ ಹಿಂದೆ ಯಾರೂ ಇರಲಿಲ್ಲ. ಕೈ ಹಾಕಿ ತಡವಿದೆ. ಖಾಲಿ ಸೀಟು. ಊಟದ ಡಬ್ಬಿಯ ಚೀಲವೂ ಮುಂದೆ ಟ್ಯಾಂಕಿನ ಮೇಲಿತ್ತು. ಬೇರೆ ಯಾರಿಗೋ ಹೇಳಿರಬೇಕು ಎಂದುಕೊಂಡು ಮುಂದೆ ಹೋದೆ.

ಸ್ವಲ್ಪ ದೂರದಲ್ಲಿ ಒಂದು ಆಟೋ ಪಕ್ಕಕ್ಕೆ ಬಂತು.

"ಏನ್ ಗುರೂ, ಕಿವಿ ಕೇಳ್ಸಲ್ವಾ? ಮನೆಯವರ ಹಸಿರು ಸೀರೆ ಚಕ್ರಕ್ಕೆ ಸುತ್ಕೊಳ್ತೈತೆ, ನೀನು ಹೀರೋ ಥರ ಹೋಗ್ತಿದೀಯ!"

ಗಾಬರಿಯಾಗಿ ನಿಲ್ಲಿಸಿದೆ. ಚಾಲಕನೂ ಮುಂದೆ ನಿಲ್ಲಿಸಿ ಇಳಿದು ಬಂದ. ಸೀಟು ನೋಡಿದ, ನನ್ನ ಮುಖ ನೋಡಿದ.

"ಮೇಡಂ ಎಲ್ಲಿ ಸಾರ್? ಎಲ್ಲಿ ಇಳಿಸಿದ್ರಿ?"

"ನಾನೊಬ್ಬನೇ ಇದ್ದಿದ್ದು."

"ತಮಾಷೆ ಮಾಡ್ಬೇಡಿ ಸಾರ್. ಹಳದಿ ಅಂಚು, ಇಷ್ಟಗಲ..." ಬೆರಳಗಲಿಸಿ ತೋರಿಸುತ್ತಿದ್ದವನು ತಟ್ಟನೆ ಕೈ ಇಳಿಸಿದ. ಸರಸರನೆ ಆಟೋ ಹತ್ತಿ ಹೋಗಿಬಿಟ್ಟ.

ಬಾಗಿ ಚಕ್ರ ನೋಡಿದೆ. ಸೀರೆ ಇರಲಿಲ್ಲ. ಚಕ್ರವನ್ನು ಹಿಡಿದಿಡುವ ಆಕ್ಸಲ್ಲಿನ ನಟ್ಟೂ ಇರಲಿಲ್ಲ! ಮಧ್ಯಾಹ್ನ ಪಂಕ್ಚರ್ ಹಾಕಿದವನು ಬಿಗಿ ಮಾಡುವುದನ್ನು ಮರೆತಿದ್ದನೋ ಏನೋ, ಆಕ್ಸಲ್ ಅರ್ಧ ಹೊರಗೆ ಜಾರಿತ್ತು. ತುಮಕೂರು ರಸ್ತೆಯ ಲಾರಿಗಳ ನಡುವೆ, ಸುಮಾ ಹಿಂದೆ ಕೂತಿದ್ದಾಗ ಅದು ಕಳಚಿದ್ದರೆ? ಮನಸ್ಸು ಈಗಲೂ ಆ ದೃಶ್ಯವನ್ನು ತಿರುಗಿಸಿ ತಿರುಗಿಸಿ ನೋಡುತ್ತದೆ.

ಕಲ್ಲಿನಿಂದ ಬಡಿದು ಆಕ್ಸಲನ್ನು ಒಳಗೆ ಕೂರಿಸಿ, ಗಾಡಿ ತಳ್ಳಿಕೊಂಡು ಮನೆ ಸೇರಿದೆ. ಸುಮಾ ಬಾಗಿಲಲ್ಲೇ ನಿಂತಿದ್ದಳು.

"ಯಾಕ್ರೀ, ಗಾಡಿ ನಿಮ್ಮನ್ನ ಹೊರೂದೋ, ನೀವು ಗಾಡೀನ ಹೊರೂದೋ?"

ನನಗೆ ನಗಲಾಗಲಿಲ್ಲ. ಅವಳು ಉಟ್ಟಿದ್ದು ಹಸಿರು ಸೀರೆ, ಅಗಲವಾದ ಹಳದಿ ಅಂಚು. ಅದನ್ನು ನಾನು ಅದುವರೆಗೆ ನೋಡಿರಲೇ ಇಲ್ಲ.

"ಹೆಂಗೈತ್ರೀ? ಅವ್ವ ಕಳ್ಸ್ಯಾಳ. ಮಧ್ಯಾಹ್ನ ತಮ್ಮ ತಂದ್ಕೊಟ್ಟ."

ಚಕ್ರ ಓಲಾಡಿದ್ದು ದೂರದಿಂದ ಬಟ್ಟೆ ಹಾರಿದಂತೆ ಕಂಡಿರಬಹುದು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಬಣ್ಣಕ್ಕೆ ಏನು ಹೇಳಲಿ? ಮರುದಿನವೇ ಸ್ಯಾರಿ ಗಾರ್ಡ್ ಹಾಕಿಸಿದೆ. ಆದರೂ ಗಾಡಿ ಹೊರಡಿಸುವ ಮುನ್ನ ಕೈ ತಾನಾಗಿಯೇ ಹಿಂದಕ್ಕೆ ಹೋಗಿ, ಸೆರಗು ಸರಿಯಿದೆಯೇ ಎಂದು ತಡವುತ್ತದೆ. ಒಬ್ಬನೇ ಹೊರಟಾಗಲೂ.