ಇಲ್ಲದ ಹಸುವಿಗೆ ಮೂಲಂಗಿ ಸಿಪ್ಪೆ

ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದ ಅವನನ್ನು ಎಲ್ಲರೂ ‘ಇಸ್ತ್ರಿ’ ಎಂದೇ ಕರೆಯುತ್ತಿದ್ದರು. ದಿನವಿಡೀ ಗಾಜಿನ ಪಾತ್ರೆ ತೊಳೆದರೂ ಅವನ ಅಂಗಿಯ ಗೆರೆ ಸಂಜೆಯವರೆಗೆ ಮುರಿಯುತ್ತಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಓದಿಸಿ, ಒಳ್ಳೆಯ ಮನೆಗೆ ಕೊಟ್ಟಿದ್ದ. ಅವಳ ಅತ್ತೆ ಹೊಲಿಗೆ ಕಲಿಸುವವರು, ಬೀದಿಗೆಲ್ಲ ಬೇಕಾದವರು. ಬೀಗರ ಬಾಯಲ್ಲಿ ತನ್ನ ಬಗ್ಗೆ ಒಂದು ಹಗುರ ಮಾತು ಬರಬಾರದು, ಅವನಿಗೆ ಅಷ್ಟೇ ಚಿಂತೆ.

ಅಂಥವನನ್ನು ಪ್ರಯೋಗಾಲಯದ ಮೇಡಂ ಮೂಲಂಗಿ ಸಿಪ್ಪೆ ತರಲು ಅಟ್ಟಿದರು.

ಮೂಲಂಗಿಯ ರಸದಲ್ಲಿ ಒಂದು ಕಿಣ್ವವಿದೆ. ಚೂರು ಪೆರಾಕ್ಸೈಡ್ ಜೊತೆ ಸೇರಿದರೆ ಅದು ಬಟ್ಟೆ ಕಾರ್ಖಾನೆಯಿಂದ ಹರಿಯುವ ಕೆಂಪು ನೀರಿನ ಬಣ್ಣವನ್ನು ಒಡೆಯುತ್ತದೆ. ರಸವನ್ನು ಹಾಗೇ ಸುರಿದರೆ ನೀರಿನ ಜೊತೆ ಹರಿದುಹೋಗಿ ದಂಡ. ಅದಕ್ಕೇ ಅದನ್ನು ಕಡಲಪಾಚಿಯ ಅಂಟಿನಲ್ಲಿ ಕಲಸಿ, ಕ್ಯಾಲ್ಸಿಯಂ ಬೆರೆಸಿದ ನೀರಿಗೆ ಹನಿಹನಿಯಾಗಿ ಬಿಡುತ್ತಿದ್ದರು. ಹನಿಗಳು ಮೆಣಸಿನ ಕಾಳಿನಷ್ಟು ಮಣಿಗಳಾಗಿ ಗಟ್ಟಿಯಾಗುತ್ತಿದ್ದವು, ಕಿಣ್ವ ಒಳಗೇ ಸಿಕ್ಕಿಕೊಳ್ಳುತ್ತಿತ್ತು. ಆ ಮಣಿಗಳನ್ನು ಕೊಳವೆಗೆ ತುಂಬಿ ಮತ್ತೆ ಮತ್ತೆ ಬಳಸಬಹುದಿತ್ತು.

“ತಿನ್ನೋ ಮೂಲಂಗಿ ರುಬ್ಬಿದ್ರೆ ಜನ ಉಗೀತಾರೆ. ಹೋಟೆಲಿನವರು ಬಿಸಾಕೋ ಸಿಪ್ಪೆ ತನ್ನಿ” ಎಂದಿದ್ದರು ಮೇಡಂ.

ಹೋಟೆಲಿನ ಹಿಂಬಾಗಿಲಲ್ಲಿ, ಅಂಗಿಯ ತೋಳು ಮಡಚಿಕೊಂಡು ಕಸದ ಬುಟ್ಟಿಯೊಳಗೆ ಅವನು ಕೈ ಹಾಕಿದ್ದಾಗಲೇ ಬೆನ್ನ ಹಿಂದೆ ದನಿ ಕೇಳಿತು.

“ಅಣ್ಣಾ, ನೀವಾ?”

ಬೀಗಿತ್ತಿ! ಅವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕಾಲೇಜಿನ ಕೆಲಸ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನಾಲಿಗೆ ಬೇರೆಯೇ ದಾರಿ ಹಿಡಿಯಿತು.

“ಅದು... ಹಸುಗೆ. ಮನೇಲಿ ಒಂದು ಹಸು ಕಟ್ಟಿದೀನಿ.”

ಆ ಸಂಜೆಯೇ ಮಗಳ ಫೋನು. “ಅಪ್ಪ, ನಮ್ಮನೇಲಿ ಯಾವಾಗ ಹಸು ಬಂತು? ಎಷ್ಟು ಹಾಲು ಕೊಡುತ್ತೆ ಅಂತ ಅತ್ತೆ ಕೇಳ್ತಿದ್ರು.”

“ಏನಂದೆ?”

“ಏನಂತ ಹೇಳ್ಲಿ? ಗಬ್ಬ ಆಗಿದೆ, ಹಾಲಿಲ್ಲ ಅಂದೆ.”

ಅವನು ನಕ್ಕ. ಆ ಕಡೆಯಿಂದ ನಗು ಬರಲಿಲ್ಲ.

ಬೀಗಿತ್ತಿಯದು ಧಾರಾಳ ಮನಸ್ಸು. ಅಕ್ಕಪಕ್ಕದ ಮನೆಗಳಿಗೂ ಹೇಳಿ ಮೂಲಂಗಿ ಸಿಪ್ಪೆ ಕೂಡಿಹಾಕತೊಡಗಿದರು. ಚೀಲ ಕಟ್ಟಿ ಮಗನ ಕೈಯಲ್ಲಿ ಕಳಿಸುತ್ತಿದ್ದರು; ಅವನು ಬೈಕಿನಿಂದ ಇಳಿಯದೆ ಬಾಗಿಲಲ್ಲೇ ಕೊಟ್ಟುಹೋಗುತ್ತಿದ್ದ. ಒಂದೊಂದು ಚೀಲ ಬಂದಾಗಲೂ ಇಸ್ತ್ರಿ ಕುಗ್ಗಿಹೋಗುತ್ತಿದ್ದ. ಬೇಡ ಎನ್ನಲು ಬಾಯಿಲ್ಲ, ನಿಜ ಹೇಳಲು ಧೈರ್ಯವಿಲ್ಲ. ಹೋಟೆಲಿನ ಸಿಪ್ಪೆಗೆ ಅದನ್ನೂ ಬೆರೆಸಿ ರುಬ್ಬುತ್ತಿದ್ದ.

ಅಷ್ಟರಲ್ಲಿ ಕಾರ್ಖಾನೆಯ ಅಂಗಳದಲ್ಲೇ ಜನರ ಮುಂದೆ ಪ್ರಯೋಗ ಮಾಡಿ ತೋರಿಸುವುದೆಂದಾಯಿತು. ಕಾರ್ಖಾನೆ ಇದ್ದದ್ದು ಬೀಗರ ಬೀದಿಯ ತುದಿಯಲ್ಲಿ. ಅದೇ ವಾರ ರಿಪೇರಿಗೆಂದು ಹೋಟೆಲು ಮುಚ್ಚಿತು. ಮನೆಯಲ್ಲಿದ್ದದ್ದು ಬೀಗಿತ್ತಿ ಕಳಿಸಿದ ದೊಡ್ಡ ಚೀಲವೊಂದೇ. ಸಿಪ್ಪೆ ಮೆತ್ತಗಾಗಿತ್ತು. ಬಾಡಿರಬೇಕು ಅಂದುಕೊಂಡು ರುಬ್ಬಿದ. ಎಂದೂ ಕೈಕೊಡದ ಮಣಿಗಳೆಂದು ಅವಸರದಲ್ಲಿ ಯಾರೂ ಪರೀಕ್ಷಿಸಲಿಲ್ಲ.

ಆ ಬೀದಿಗೆ ಹೋಗುವುದನ್ನು ತಪ್ಪಿಸಿಕೊಳ್ಳಲು ಹೊಟ್ಟೆನೋವಿನ ನೆಪ ಹೇಳಿ ನೋಡಿದ. ಮೇಡಂ ಬಿಡಲಿಲ್ಲ. ಬೀದಿಯ ಜನವೆಲ್ಲ ಕೊಳವೆಯ ಸುತ್ತ ನೆರೆದರು. ಮೇಲಿಂದ ಕೆಂಪು ನೀರು ಸುರಿದರು. ಕೆಳಗಿನಿಂದ ಕೆಂಪು ನೀರೇ ಬಂತು.

“ಮೇಡಂ, ಬಣ್ಣ ಇನ್ನೂ ಜಾಸ್ತಿ ಆದಂಗಿದೆಯಲ್ಲಾ!” ಎಂದ ಯಾರೋ. ಎಲ್ಲರೂ ಗೊಳ್ಳೆಂದರು. ಮೇಡಂ ಹಣೆ ಒರೆಸಿಕೊಳ್ಳುತ್ತ, ಮೂಲಂಗಿ ಸಿಪ್ಪೆಯಿಂದ ಮಾಡಿದ್ದು, ಹೀಗೆಂದೂ ಆಗಿರಲಿಲ್ಲ ಎಂದು ಬಿಡಿಸಿ ಹೇಳತೊಡಗಿದರು.

ಬೀಗಿತ್ತಿ ಜನರನ್ನು ಸರಿಸಿಕೊಂಡು ಮುಂದೆ ಬಂದರು. “ಅಣ್ಣಾ, ಇದು ನಾನು ಕೊಟ್ಟ ಸಿಪ್ಪೇನಾ? ಅಯ್ಯೋ, ಈ ಸಲದ್ದನ್ನ ಬೇಯಿಸಿ ಕಳಿಸಿದ್ನಲ್ಲ! ಗಬ್ಬದ ಹಸು, ಸಲೀಸಾಗಿ ತಿನ್ನಲಿ ಅಂತ.”

“ಬೇಯಿಸಿದ್ರಾ? ಬೆಂದ ಮೇಲೆ ಕಿಣ್ವ ಎಲ್ಲಿ ಉಳಿಯುತ್ತೆ?” ಮೇಡಂ ಅವನ ಕಡೆ ತಿರುಗಿದರು. “ಯಾವ ಹಸುರೀ?”

“ಹಸು ಇಲ್ಲ ಮೇಡಂ” ಎಂದ ಅವನು.

ಬೀಗಿತ್ತಿ ಹಿಂದೆ ನಿಂತಿದ್ದ ಸೊಸೆಯತ್ತ ತಿರುಗಿ, “ನೀನೂ ಹೇಳಿದ್ಯಲ್ಲಮ್ಮ” ಎಂದರು. ಮಗಳು ತಲೆ ತಗ್ಗಿಸಿದಳು. ತಾನು ಹುಟ್ಟಿಸಿದ ಸುಳ್ಳಿಗೆ ಅವಳು ತಲೆ ತಗ್ಗಿಸಿದ್ದನ್ನು ಕಂಡು ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಹೋಟೆಲು ತೆರೆದ ಮೇಲೆ ಹಸಿ ಸಿಪ್ಪೆಯಿಂದ ಹೊಸ ಮಣಿ ಮಾಡಿ, ಪರೀಕ್ಷಿಸಿ, ಅದೇ ಅಂಗಳಕ್ಕೆ ಒಯ್ದರು. ಈ ಸಲ ನೀರು ತೆಳು ಚಹಾದ ಬಣ್ಣಕ್ಕೆ ಇಳಿದು, ತಳದಲ್ಲಿ ಕಂದು ಗಸಿ ನಿಂತಿತು. ನೋಡಲು ಬಂದವರು ಬೆರಳೆಣಿಕೆಯ ಜನ. ಬೀಗರ ಮನೆಯವರು ಯಾರೂ ಇರಲಿಲ್ಲ.

ಭಾನುವಾರ ಅವನೇ ಅವರ ಮನೆಗೆ ಹೋದ.

“ಬನ್ನಿ ಬೀಗರೇ” ಎಂದರು ಬೀಗಿತ್ತಿ. ಅಣ್ಣ ಅನ್ನಲಿಲ್ಲ.

“ತಪ್ಪಾಯ್ತಮ್ಮ. ಕಸ ಕೆದಕೋನ ಮಗಳು ಅಂತ ನಿಮ್ಮನೇಲಿ ಅವಳನ್ನ ಹಗುರ ಮಾಡ್ತಾರೇನೋ ಅಂತ...”

“ಯಾರು ಮಾಡ್ತಾರೆ? ನಾನಾ?” ಅವರು ಹೊಲಿಗೆ ಪಕ್ಕಕ್ಕಿಟ್ಟರು. “ನನ್ನನ್ನ ಅಷ್ಟು ಸಣ್ಣವಳು ಅಂದ್ಕೊಂಡ್ರಿ, ಹೋಗ್ಲಿ. ಆದ್ರೆ ನಿನ್ನೆ ಇವಳು ಹಾಲು ಉಕ್ಕಿಹೋಯ್ತು ಅಂದ್ಲು. ನಿಜವಾ ಅಂತ ಕೇಳ್ಬಿಟ್ಟೆ. ಅಂಥ ಮಾತು ನನ್ನ ಬಾಯಿಂದ ಬಂತಲ್ಲ ಅಂತ ಆಮೇಲೆ ನನಗೇ ಅಸಹ್ಯ ಆಯ್ತು.”

ಮಗಳು ಕಾಫಿ ತಂದಿಟ್ಟು ಮುಖ ನೋಡದೆ ಒಳಗೆ ಹೋದಳು. ನಾಲಿಗೆ ಸುಟ್ಟರೂ ಒಂದೇ ಗುಟುಕಿಗೆ ಕುಡಿದು ಎದ್ದ. ಗೇಟಿನ ಹತ್ತಿರ ಅವಳು ಹಿಂದೆಯೇ ಬಂದಳು.

“ನಾಳೆ ಸಿಪ್ಪೆಗೆ ಹೋಗ್ತೀಯಾ?”

“ಹೋಗ್ಬೇಕು.”

“ಈ ಬೀದೀಲೇ ಬಾ. ಸುತ್ತು ಹಾಕ್ಕೊಂಡು ಹೋಗ್ಬೇಡ.”

ಮರುದಿನ ಮೂಟೆ ಹೆಗಲಿಗೇರಿಸಿ ಆ ಬೀದಿಯಲ್ಲೇ ನಡೆದ. ಸಿಪ್ಪೆಯ ನೀರು ಬೆನ್ನ ಮೇಲೆ ತೊಟ್ಟಿಕ್ಕುತ್ತಿತ್ತು. ಜಗಲಿಯಲ್ಲಿ ಹೊಲಿಯುತ್ತಿದ್ದ ಬೀಗಿತ್ತಿ ತಲೆಯೆತ್ತಿ ನೋಡಿದರು, ಮತ್ತೆ ಸೂಜಿಯತ್ತ ಬಗ್ಗಿದರು. ಬೀದಿ ಮುಗಿಯುವವರೆಗೂ ಅವನ ಕಿವಿಗಳು ‘ಅಣ್ಣಾ’ ಎಂಬ ಕರೆಗಾಗಿ ಕಾದೇ ಇದ್ದವು. ಆದರೂ ಅವನು ಹೆಜ್ಜೆ ಚುರುಕು ಮಾಡಲಿಲ್ಲ.