ಗ್ವೆನ್‌ಳ ಮಾತು ಅಳಿಸದ ಬನಶಂಕರಿ

ಬೆಳಗಿನ ಐದೂವರೆ. ಅಡಿಲೇಡ್‌ನ ಮಾಸನ್ ಲೇಕ್ಸ್‌ನಲ್ಲಿ, ಮನೆಯ ಹಿಂದಿನ ಶೆಡ್ಡಿನೊಳಗೆ ಬನಶಂಕರಿ ಸಣ್ಣ ಓವನ್ನಿನ ಬಾಗಿಲು ತೆರೆಯುತ್ತಾರೆ. ಒಳಗಿರುವುದು ಹಾಡು ತುಂಬಿದ ಹಳೆಯ ಟೇಪು. "ವಯಸ್ಸಾದ ಟೇಪ್ ಅಂಟಂಟಾಗಿಬಿಡುತ್ತೆ. ಹಾಗೇ ಓಡಿಸಿದ್ರೆ ಹಾಡೆಲ್ಲ ಪುಡಿಯಾಗಿ ಉದುರಿಹೋಗುತ್ತೆ. ಐವತ್ತನಾಲ್ಕು ಡಿಗ್ರೀಲಿ ಎಂಟು ಗಂಟೆ ಒಣಗಿಸ್ಬೇಕು, ಹಪ್ಪಳದ ಥರ," ಎನ್ನುತ್ತಾರೆ.

ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ ಬಂದವರಿಗೆ ಇಲ್ಲಿ ಸಿಕ್ಕಿದ್ದು ಗೋದಾಮಿನ ಕೆಲಸ. ಆರು ವರ್ಷ ಪೆಟ್ಟಿಗೆ ಹೊತ್ತು ಸೊಂಟ ಹಿಡಿದ ಮೇಲೆ ಟೇಪ್ ರೆಕಾರ್ಡರ್ ರಿಪೇರಿಗೆ ಕೂತರು. ಈಗ ಪರ್ತ್, ಬ್ರಿಸ್ಬೇನ್‌ಗಳಿಂದಲೂ ಟೇಪುಗಳು ಬರುತ್ತವೆ, ತಿಂಗಳಿಗೆ ನಲವತ್ತು. ಅವರು ಉಳಿಸಿಕೊಟ್ಟ ಯಾವ ಆಲ್ಬಮ್ಮಿನ ಮೇಲೂ ಅವರ ಹೆಸರಿಲ್ಲ.

ಕಳೆದ ವರ್ಷ ಬಂದದ್ದು 'ಸಿಲ್ವರ್ ಗಾಲಾಸ್' ಎಂಬ ಗ್ಲ್ಯಾಮ್ ರಾಕ್ ತಂಡದ ಟೇಪು. ಕಣ್ರೆಪ್ಪೆಗೆ ಮಿಂಚು ಬಳಿದು, ಎತ್ತರದ ಹಿಮ್ಮಡಿಯ ಬೂಟು ತೊಟ್ಟು ಕುಣಿಯುತ್ತಿದ್ದ ಐವರು ಗಂಡಸರು. 1975ರ ಆ ಒಂದೇ ಆಲ್ಬಮ್ ಅವರನ್ನು ಅಡಿಲೇಡಿನ ಪಬ್ಬುಗಳಿಂದೆತ್ತಿ ದೇಶದ ಮನೆಮಾತಾಗಿಸಿತು. ಪಲ್ಲವಿಗೆ ಮುಂಚೆ ಯಾರೋ ಬೆಚ್ಚಿ ಉಸಿರೆಳೆದ ಸದ್ದೇ ಅದರ ಗುರುತು. ಇಂದಿನ ಬ್ಯಾಂಡುಗಳೂ ಅದನ್ನು ಅನುಕರಿಸುತ್ತವೆ. ಅದು ಗಾಯಕನ ಉಸಿರೆಂದೇ ಎಲ್ಲರ ನಂಬಿಕೆ.

ಒಂದೊಂದೇ ದನಿಯನ್ನು ಬೇರ್ಪಡಿಸಿ ಕೇಳುವಾಗ ಬನಶಂಕರಿಗೆ ತಿಳಿಯಿತು, ಉಸಿರು ಹೆಂಗಸಿನದು. ಕೊನೆಯ ಹಾಡು ಮುಗಿದರೂ ಟೇಪು ಓಡುತ್ತಲೇ ಇತ್ತು. ಆ ನಿಶ್ಶಬ್ದದಲ್ಲಿ, ಕಿವಿಯ ಪಕ್ಕದಲ್ಲೇ, ಅದೇ ಹೆಂಗಸು ಇಂಗ್ಲಿಷಿನಲ್ಲಿ ಕೇಳಿದಳು: ಮುಗೀತಾ? ನಾನಿನ್ನು ಮನೆಗೆ ಹೋಗ್ಲಾ?

"ಹೆಡ್‌ಫೋನ್ ಕಿತ್ತು ಹಿಂದೆ ತಿರುಗಿ ನೋಡ್ಬಿಟ್ಟೆ. ಶೆಡ್ಡಲ್ಲಿ ನಾನೊಬ್ಳೇ."

ಟೇಪಿನ ಡಬ್ಬದ ಮೇಲೆ ಪೆನ್ಸಿಲ್ಲಿನಲ್ಲಿ 'ಗ್ವೆನ್' ಎಂದಷ್ಟೇ ಇತ್ತು. ಅದು ಯಾರೆಂದು ಬನಶಂಕರಿ ಫೋನ್ ಮಾಡಿ ಕೇಳಿದಾಗ ತಂಡದ ಹಳೆಯ ಡ್ರಮ್ಮರ್ ಹೇಳಿದ. ತಂಡದವರ ಉಡುಪಿಗೆ ಚಮಕಿ ಹೊಲಿಯುತ್ತಿದ್ದ ಹುಡುಗಿ; ಆ ಉಸಿರಿಗೆಂದು ಅವಳನ್ನು ಮೈಕಿನ ಮುಂದೆ ನಿಲ್ಲಿಸಿದ್ದರು. ಅಂದು ಸಂಜೆ ಸ್ಟುಡಿಯೋದಿಂದ ಹೊರಟವಳು ಮನೆ ಸೇರಲಿಲ್ಲ. ಗ್ಲೆನೆಲ್ಗ್ ಕಡಲತೀರದ ಜೆಟ್ಟಿಯ ಮೇಲೆ ಅವಳ ಚಪ್ಪಲಿ ಸಿಕ್ಕಿತು, ಅಷ್ಟೇ.

ಆಲ್ಬಮ್ಮಿನ ಮರುಬಿಡುಗಡೆಗೆ ಸಜ್ಜಾಗಿದ್ದ ರೆಕಾರ್ಡ್ ಕಂಪನಿ ಆ ಮಾತನ್ನು ಅಳಿಸಲು ಹೇಳಿತು. "ಅಳಿಸಿದ್ರೆ ಅವಳನ್ನ ಇನ್ನೊಂದ್ಸಲ ಕಳ್ಕೊಂಡ ಹಾಗೆ. ಮಾತು ಇರ್ಲಿ, ಹೆಸರೂ ಹಾಕಿ. ಆಗಲ್ಲ ಅಂದ್ರೆ ಬೇರೆಯವ್ರ ಹತ್ರ ಮಾಡಿಸ್ಕೊಳಿ ಅಂದ್ಬಿಟ್ಟೆ." ಮೂರು ತಿಂಗಳು ಅಲ್ಲಿಂದ ಕೆಲಸವೇ ಬರಲಿಲ್ಲ. ಕೊನೆಗೆ ಡ್ರಮ್ಮರನೂ ಪಟ್ಟು ಹಿಡಿದ ಮೇಲೆ ಕಂಪನಿ ಮಣಿಯಿತು. ಹೊಸ ಹೊದಿಕೆಯ ಮೇಲೆ ಐವರ ಜೊತೆ ಆರನೆಯ ಹೆಸರಿದೆ.

ಅದನ್ನು ನೋಡಿ ಬ್ರಿಸ್ಬೇನ್ ಬಳಿಯ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಿಂದ ಗ್ವೆನ್‌ಳ ಅಕ್ಕ ಈ ಶೆಡ್ಡಿಗೆ ಬಂದರು. ಎಪ್ಪತ್ತೈದರ ಮುದುಕಿ. ಟೇಪಿನ ಕೊನೆಯ ಆ ಮಾತು ಕೇಳಿ, ಅಳಲಿಲ್ಲ. "ಅವತ್ತು ಅವಳಿಗೆ ಶೀತ ಆಗಿತ್ತು," ಎಂದರು. ಆಮೇಲೆ ಸ್ಪೀಕರಿನತ್ತ ಬಾಗಿ, ಮೆಲ್ಲಗೆ, "ಹೂಂ, ಬಾ," ಎಂದರು.

ಶೆಲ್ಫಿನಲ್ಲಿ ಇನ್ನೂ ಮುನ್ನೂರು ಟೇಪುಗಳಿವೆ. "ಕಿವಿ ಒಂದ್ ಹತ್ತು ವರ್ಷ ಚೆನ್ನಾಗಿದ್ರೆ ಸಾಕು ನಂಗೆ," ಎನ್ನುತ್ತಾರೆ ಬನಶಂಕರಿ. "ಈಗ ಯಾವ ಟೇಪನ್ನೂ ಹಾಡು ಮುಗೀತು ಅಂತ ನಿಲ್ಲಿಸಲ್ಲ."