ಸರೋಜಾ ನಾಡಗೇರಳನ್ನು ಹುಡುಕಿದ್ದು

೨೦೦೪ರಲ್ಲಿ ನಮ್ಮ ಯಜಮಾನರಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಬ್ಯಾಂಕಿನವರ ಹೆಂಡತಿಗೆ ಗಂಟುಮೂಟೆ ಕಟ್ಟುವುದು ಹೊಸದೇನಲ್ಲ. ಹೊರಡುವ ಮುಂಚೆ ತವರಿಗೆಂದು ಧಾರವಾಡಕ್ಕೆ ಹೋಗಿದ್ದಾಗ, ಪಕ್ಕದ ಮನೆಯ ನಾಡಗೇರ ಕಾಕು ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಹಿತ್ತಲ ಬಾಗಿಲಿಂದ ಬಂದರು.

ಅವರ ಮಗಳು ಸರೋಜಾ ನನ್ನ ಜೀವದ ಗೆಳತಿ. ನಾನು ಮದುವೆಯಾಗಿ ಊರು ಬಿಟ್ಟ ಮೇಲೆ, ಅಲ್ಲಿ ಓದಲು ಬಂದಿದ್ದ ತೆಲುಗು ಹುಡುಗನ ಕೈಹಿಡಿದು ವಿಜಯವಾಡಕ್ಕೆ ಹೊರಟುಹೋದಳಂತೆ. ಅಂದಿನಿಂದ ಅವರಪ್ಪ ಮನೆಯಲ್ಲಿ ಅವಳ ಹೆಸರನ್ನೇ ಎತ್ತಗೊಡುತ್ತಿರಲಿಲ್ಲ. ಬಂದ ಪತ್ರಗಳೆಲ್ಲ ನೀರೊಲೆಗೆ.

"ನೀ ಆ ಕಡೆ ಹೊಂಟೀದಿ. ಅಕಿ ಬಸುರಿ ಇದ್ದಾಳಂತ ಯಾರೋ ಅಂದ್ರು. ಇದನ್ನ ಅಕಿ ಉಡಿಯೊಳಗ ಹಾಕವಾ," ಎಂದು ಗಂಟೊಂದನ್ನು ನನ್ನ ಕೈಗಿಟ್ಟರು. ಹಸಿರು ಗುಳೇದಗುಡ್ಡದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು. ಬಸುರಿ ಮಗಳಿಗೆ ತಾಯಿ ತುಂಬಬೇಕಾದ ಉಡಿ.

"ಎಲ್ಲಿ ಇರತಾಳ್ರೀ ಕಾಕು? ಗಂಡನ ಹೆಸರೇನು?"

"ಒನ್ ಟೌನ್ ಅಂತ. ಗುಡಿ ಹಿಂದಿನ ಓಣಿ. ಅವನ ಹೆಸರು ಅದೇನೋ ರಾವ್ ಅಂತಾರ. ಸರೋಜಾ ನಾಡಗೇರ ಅಂದ್ರ ಯಾರರೆ ತೋರಸ್ತಾರ ಬಿಡು."

ಪಾಪ, ಧಾರವಾಡದಲ್ಲಾದರೆ ತೋರಿಸುತ್ತಿದ್ದರು. ಆಂಧ್ರದಲ್ಲಿ ರಾವ್ ಎಂದು ಹುಡುಕುವುದೆಂದರೆ ಸಂತೆಯಲ್ಲಿ ನಿಂತು "ಅಮ್ಮಾ" ಎಂದು ಕೂಗಿದ ಹಾಗೆ!

ಎರಡು ತಿಂಗಳಿಗೆ ಯಜಮಾನರಿಗೆ ವಿಜಯವಾಡದಲ್ಲಿ ಮೀಟಿಂಗು ಬಿತ್ತು. ನಾನೂ ಗಂಟು ಹಿಡಿದು ಜೊತೆಗೆ ಹೊರಟೆ. ಅವರು ಆಫೀಸಿಗೆ, ನಾನು ಒನ್ ಟೌನಿಗೆ. ಸಗಟು ಅಂಗಡಿಗಳ ಸಂದಿಗೊಂದಿ, ಕೈಗಾಡಿಗಳ ನೂಕುನುಗ್ಗಲು, ಸುಡುಸುಡು ಬಿಸಿಲು. ಗುಡಿ ಹಿಂದಿನ ಓಣಿಯಲ್ಲಿ ಸರೋಜಾ ನಾಡಗೇರ ಎಂದರೆ ಎಲ್ಲರದೂ ಒಂದೇ ಪ್ರಶ್ನೆ: "ಇಂಟಿ ಪೇರು ಏಮಿಟಮ್ಮಾ?" ಇಂಟಿ ಪೇರು ಎಂದರೆ ಮನೆತನದ ಹೆಸರು. ನಾಡಗೇರ ಎಂದರೆ ತಲೆಯಾಡಿಸುತ್ತಿದ್ದರು. ಅದು ಹುಟ್ಟಿದ ಮನೆಯದು, ಅತ್ತೆಮನೆಯದು ಹೇಳಮ್ಮಾ ಎನ್ನುತ್ತಿದ್ದರು. ಅದು ನನಗೆಲ್ಲಿ ಗೊತ್ತು?

ಕೊನೆಗೊಂದು ಮನೆಯಲ್ಲಿ ಹೆಂಗಸೊಬ್ಬಳು ಕರೆದು ಕೂರಿಸಿ ಮಜ್ಜಿಗೆ ಕೊಟ್ಟಳು. ಬಾಡಿಗೆಗೆ ಬಂದು ಇನ್ನೂ ತಿಂಗಳಾಗಿತ್ತಷ್ಟೆ. "ಸರೋಜಮ್ಮಗಾರು ಅಂತ ಮೇಲಿನ ಮನೆಯಲ್ಲಿ ಒಬ್ಬರಿದ್ದಾರೆ. ಆದರೆ ಅವರು ದೊಡ್ಡವರು, ಸೊಸೆ ಬಂದಿದ್ದಾಳೆ," ಎಂದಳು.

"ಅಯ್ಯೋ, ನಮ್ಮ ಸರೋಜಾ ನನ್ನ ವಾರಿಗೆಯವಳು!" ಎಂದು ನಕ್ಕೆ. ಅಷ್ಟರಲ್ಲಿ ಮೇಲಿನ ಕಟಾಂಜನದಲ್ಲಿ ಹರವಿದ ಒದ್ದೆ ಸೀರೆಯಿಂದ ನನ್ನ ಭುಜದ ಮೇಲೆ ನೀರು ತೊಟ್ಟಿಕ್ಕಿತು. ಇದೊಂದು ಬಾಕಿ ಇತ್ತು ಎಂದು ಗೊಣಗಿ ಸರಿದು ಕೂತೆ. ಮಜ್ಜಿಗೆ ಕುಡಿದು ಎದ್ದು ಬಂದುಬಿಟ್ಟೆ.

ಸಿಗಲಿಲ್ಲ ಎಂದು ನಮ್ಮಮ್ಮನ ಫೋನಿನಲ್ಲಿ ಕಾಕುಗೆ ಹೇಳಿದೆ. "ಇರಲಿ ಬಿಡವಾ, ಖಣ ನೀನ ಹೊಲಿಸಿಕೋ," ಎಂದರು. ನನಗೆ ಮನಸ್ಸು ಬರಲಿಲ್ಲ, ಟ್ರಂಕಿನಲ್ಲಿಟ್ಟೆ. ಮರುವರ್ಷ ಕಾಕು ತೀರಿಕೊಂಡರು.

೨೦೦೭ರಲ್ಲಿ ವಿಶಾಖಪಟ್ಟಣದ ಮಧುರವಾಡದಲ್ಲಿದ್ದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮನೆಯವರ ಗೃಹಪ್ರವೇಶ. "ಇವರು ನಮ್ಮ ಅಣ್ಣನ ಹೆಂಡತಿ, ಮೇಡಿಶೆಟ್ಟಿ ಶ್ರೀಲಕ್ಷ್ಮಿ. ವಿಜಯವಾಡದಿಂದ ಬಂದಿದ್ದಾರೆ," ಎಂದು ಮನೆಯಾಕೆ ಪರಿಚಯ ಮಾಡಿಸಿದಳು. ಪೂರ್ಣಾಲು ಎಂಬ ಸಿಹಿ ಬಡಿಸುತ್ತಿದ್ದ ಆ ಹೆಂಗಸು ತಿರುಗಿ ನೋಡಿ ನಕ್ಕಳು. ಆ ನಗು!

"ಸರೂ?" ಎಂದೆ.

ಕೈಯಲ್ಲಿದ್ದ ತಟ್ಟೆ ಅಲ್ಲೇ ಇಟ್ಟು ಓಡಿಬಂದು ತಬ್ಬಿಕೊಂಡಳು. ಮೂಲೆಯಲ್ಲಿ ಕೂತೆವು. "ಇದೇನೇ ಶ್ರೀಲಕ್ಷ್ಮಿ?" ಎಂದೆ.

"ನಮ್ಮತ್ತಿ ಹೆಸರೂ ಸರೋಜಾನ. ಇವರು ಅವ್ವನ ಹೆಸರು ಹಿಡದು ಹೆಂಡತೀನ ಕರಿಯೂದು ಹ್ಯಾಂಗ? ಮದುವಿ ದಿವಸನ ಬದಲಿಸಿದ್ರು. ನಾಡಗೇರ ಅಂತೂ ಹೋಗೇ ಹೋತು."

ಗುಡಿ ಹಿಂದಿನ ಓಣಿ, ಮಜ್ಜಿಗೆ, ಮೇಲಿನ ಮನೆ, ನೀರು ತೊಟ್ಟಿಕ್ಕಿದ ಸೀರೆ ಎಲ್ಲ ಹೇಳಿದೆ. ಅವಳು ಬಾಯಿಮೇಲೆ ಕೈಯಿಟ್ಟುಕೊಂಡಳು. "ಅದು ನಮ್ಮ ಮನೀನ. ಆ ಸೀರಿ ಒಣಹಾಕಿದಾಕಿ ನಾನ ಇರಬೇಕು." ಆಮೇಲೆ ತಟ್ಟನೆ ಕೇಳಿದಳು, "ಅವ್ವ ಹ್ಯಾಂಗಿದ್ದಾಳ?"

ಅವಳಿಗೆ ಯಾರೂ ತಿಳಿಸಿರಲೇ ಇಲ್ಲ. ಆ ಮಾತು ನನ್ನ ಬಾಯಿಂದಲೇ ಬರಬೇಕಾಯಿತು. ಅಷ್ಟು ಜನರ ನಡುವೆ ಅವಳು ಸದ್ದಿಲ್ಲದೆ ಅತ್ತಳು. ಬೇರೆಯವರ ಮನೆಯ ಶುಭಕಾರ್ಯ, ಗಟ್ಟಿಯಾಗಿ ಅಳುವಂತೆಯೂ ಇರಲಿಲ್ಲ.

ಅವಳನ್ನು ನಮ್ಮ ಮನೆಗೆ ಕರೆದೊಯ್ದೆ. ಟ್ರಂಕಿನಿಂದ ಖಣ ತೆಗೆದು, ನಮ್ಮ ಡಬ್ಬಿಯದೇ ಅಕ್ಕಿ ಹಾಕಿ ಉಡಿ ತುಂಬಿದೆ. "ನಿಮ್ಮವ್ವ ಕೊಟ್ಟಿದ್ದು, ಹಿಡಿ ಸರೋಜಾ," ಎಂದೆ.

ಹಿಂದೆಯೇ ಬಂದಿದ್ದ ಅವಳ ಪುಟ್ಟ ಮಗಳು ತೆಲುಗಿನಲ್ಲಿ ಕೇಳಿತು, "ಅಮ್ಮಾ, ಈ ಆಂಟಿ ನಿನ್ನನ್ನ ಅಜ್ಜಿ ಹೆಸರಲ್ಲಿ ಯಾಕೆ ಕರೀತಾರೆ?"

ಸರೂ ಉಡಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಈಗಲೂ ಅವಳ ಮನೆಗೆ ಫೋನ್ ಮಾಡಿದರೆ ಹೆಚ್ಚಾಗಿ ಅತ್ತೆಯೇ ಎತ್ತುತ್ತಾರೆ. "ಶ್ರೀಲಕ್ಷ್ಮಿ ಉಂದಾಂಡಿ?", ಶ್ರೀಲಕ್ಷ್ಮಿ ಇದ್ದಾಳೇನ್ರೀ, ಎಂದೇ ನಾನು ಕೇಳಬೇಕು. ಅಂದೂ ಹೀಗೆ ಕೇಳುವುದು ಗೊತ್ತಿದ್ದಿದ್ದರೆ, ಮಗಳ ಉಡಿ ತುಂಬಿತೆಂಬ ಮಾತೊಂದನ್ನಾದರೂ ಕಾಕು ಕೇಳಿಕೊಂಡು ಹೋಗುತ್ತಿದ್ದರು.